ಒಬ್ಬರೇ ಅಧ್ಯಕ್ಷರಿದ್ದ ದೇಶದ ಅಕ್ಕ

ಹೋದ ವಾರ ತಿಪ್ಪಸಂದ್ರದ ಹಿಟ್ಟಿನ ಗಿರಣಿಯಲ್ಲಿ ಯಾರೋ ಮುಸುಕಿನ ಜೋಳ ಬೀಸಿಸುತ್ತಿದ್ದರು. ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮಹಡಿಯ ಅಕ್ಕ ಕಣ್ಣಮುಂದೆ ಬಂದು ನಿಂತಳು...

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನಾಗ ಪಿಯುಸಿ. ಜೀವನ್ ಬಿಮಾ ನಗರದ ನಮ್ಮ ಮನೆಯ ಮೇಲಿನ ಕೋಣೆಗೆ ಅವಳು ಬಾಡಿಗೆಗೆ ಬಂದಿದ್ದಳು, ಆಫ್ರಿಕಾದ ಪುಟ್ಟ ದೇಶವೊಂದರಿಂದ ಬಿ.ಕಾಂ. ಓದಲು. ಆ ದೇಶದ ಹೆಸರನ್ನು ಅವಳೇ ಜೋರಾಗಿ ಹೇಳುತ್ತಿರಲಿಲ್ಲ, ನಾನೂ ಬರೆಯುವುದಿಲ್ಲ. ಅಮ್ಮನ ರಾಗಿಮುದ್ದೆ ತಿಂದ ಮರುದಿನವೇ ಮುಸುಕಿನ ಜೋಳದ ಹಿಟ್ಟಿನ ಬಿಳಿ ಮುದ್ದೆ ಮಾಡಿ ಕೆಳಗೆ ತಂದಿದ್ದಳು. ಅಮ್ಮನಿಂದ ಕನ್ನಡವನ್ನೂ ಕಲಿತಳು.

ಅಪ್ಪನಿಗೆ ಬೆಳಗ್ಗೆ ಪೇಪರ್ ಓದುತ್ತಾ ಪ್ರಧಾನಿಯಿಂದ ಕಾರ್ಪೊರೇಟರ್‌ವರೆಗೆ ಎಲ್ಲರನ್ನೂ ಬೈಯುವ ಅಭ್ಯಾಸ. ಒಂದು ದಿನ ಅವಳು ಎದ್ದು ಹೋಗಿ ಕಿಟಕಿ ಮುಚ್ಚಿದಳು.

"ಅಂಕಲ್, ಮೆಲ್ಲಗೆ ಮಾತಾಡಿ. ಯಾರಾದ್ರೂ ಕೇಳಿಸ್ಕೋತಾರೆ."

"ಕೇಳಿಸ್ಕೊಳ್ಲಿ ಬಿಡಮ್ಮಾ!" ಎಂದು ಅಪ್ಪ ನಕ್ಕರು. ಅವಳು ನಗಲಿಲ್ಲ.

ಸ್ವಾತಂತ್ರ್ಯ ಬಂದಾಗಿನಿಂದ ಅವಳ ದೇಶಕ್ಕೆ ಒಬ್ಬರೇ ಅಧ್ಯಕ್ಷರು. ಅಂಗಡಿ, ಶಾಲೆ, ಕ್ಷೌರದಂಗಡಿ, ಎಲ್ಲ ಗೋಡೆಯ ಮೇಲೂ ಅವರದೇ ಪಟ. ಅಕ್ಕನ ತಂದೆ ಹಳ್ಳಿಯ ಮೇಷ್ಟರು. 'ಅಧ್ಯಕ್ಷರಿಗೆ ವಯಸ್ಸಾಯಿತು, ಇನ್ನೊಬ್ಬರಿಗೆ ಬಿಟ್ಟುಕೊಡಬಹುದು' ಎಂದು ಗೆಳೆಯರ ನಡುವೆ ಅಂದಿದ್ದರಂತೆ. ಅಷ್ಟೇ. ವಾರದೊಳಗೆ ಜೀಪು ಬಂತು. ಐದು ವರ್ಷದಿಂದ ಅವಳ ತಾಯಿ ಪ್ರತಿ ತಿಂಗಳೂ ಜೈಲಿನ ಬಾಗಿಲಲ್ಲಿ ಊಟ, ಬಟ್ಟೆ ಕೊಟ್ಟು ಬರುತ್ತಿದ್ದರು. ಮುಖ ನೋಡಲು ಮಾತ್ರ ಬಿಡುತ್ತಿರಲಿಲ್ಲ.

ಮರುವರ್ಷ ಅಲ್ಲಿ ಚುನಾವಣೆ ನಡೆಯಿತು. ಒಂದು ಮಧ್ಯಾಹ್ನ ಅವಳು ರೇಡಿಯೊ ಎದೆಗವಚಿಕೊಂಡು ಮೆಟ್ಟಿಲಿಳಿದು ಓಡಿ ಬಂದಳು. "ಅಮ್ಮಾ, ಸೋತ್ರು! ಅಧ್ಯಕ್ಷರು ಸೋತ್ರು!" ಪರೀಕ್ಷೆಗೆ ಮೂರೇ ವಾರವಿತ್ತು. ಬರೆದು ಹೋಗು ಎಂದು ಅಮ್ಮ ಗೋಗರೆದರು. "ಜೈಲ್ ಬಾಗ್ಲು ತೆಗೆಯೋವಾಗ ನಾನಿರ್ಬೇಕು" ಅಂದಳು. ವಿಮಾನ ನಿಲ್ದಾಣ ಆಗ ನಮ್ಮ ಮನೆಗೆ ಹತ್ತಿರವೇ. ಆಟೊದಲ್ಲಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಇದ್ದಳು. ಅಪ್ಪ ಅವಳ ತಂದೆಗೆಂದು ಒಂದು ಹೊಸ ಬಿಳಿ ಶರ್ಟು ಕೊಟ್ಟರು. ಅಳತೆ ಗೊತ್ತಿರಲಿಲ್ಲ, ತಮ್ಮ ಅಳತೆಯದ್ದನ್ನೇ ತಂದಿದ್ದರು.

ಎರಡು ತಿಂಗಳ ಮೇಲೆ ನನ್ನ ಹೆಸರಿಗೆ ಕಾಗದ ಬಂತು. ಬಾಗಿಲು ತೆರೆದದ್ದು ನಿಜ. ಜನ ಒಬ್ಬೊಬ್ಬರಾಗಿ ಹೊರಬಂದರು. ತಾಯಿ, ಮಗಳು ಕತ್ತಲಾಗುವವರೆಗೂ ನಿಂತಿದ್ದರು. ಕೊನೆಗೆ ಕಾವಲುಗಾರ ಒಂದು ಪುಸ್ತಕ ತೆರೆದು ತೋರಿಸಿದ. ಅವಳ ತಂದೆ ಮೊದಲ ವರ್ಷವೇ ತೀರಿಕೊಂಡಿದ್ದರು. ಆಮೇಲೂ ಐದು ವರ್ಷ ತಾಯಿ ಕೊಟ್ಟ ಊಟವನ್ನು ಕಾವಲುಗಾರರು ತೆಗೆದುಕೊಳ್ಳುತ್ತಲೇ ಇದ್ದರು...

'ಅಮ್ಮ ಈಗಲೂ ತಿಂಗಳಿಗೊಮ್ಮೆ ಬುತ್ತಿ ಕಟ್ಟುತ್ತಾಳೆ, ನಾನು ತಡೆಯುವುದಿಲ್ಲ' ಎಂದು ಬರೆದಿದ್ದಳು.

ಆ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಹದಿನೆಂಟರ ಹುಡುಗಿ, ಏನು ಬರೆಯಬೇಕೋ ತೋಚಲಿಲ್ಲ. ಸರಿಯಾದ ಮಾತು ಸಿಕ್ಕಾಗ ಬರೆದರಾಯಿತೆಂದು ಎತ್ತಿಟ್ಟೆ. ಮನೆ ಬದಲಾಯಿಸುವಾಗ ಅದು ಎಲ್ಲೋ ಕಳೆದುಹೋಯಿತು, ಅದರ ಜೊತೆಗೆ ವಿಳಾಸವೂ. ಈಗ ನನಗೆ ಐವತ್ತರ ಮೇಲಾಯಿತು. 'ಅಕ್ಕಾ, ಕಾಗದ ತಲುಪಿತು' ಎಂದಷ್ಟು ಬರೆದಿದ್ದರೂ ಸಾಕಿತ್ತು.