ಥೆಲ್ಮಾಗೆ ಸಿಕ್ಕ ತೊಂಬತ್ತು ವರ್ಷ

ಥೆಲ್ಮಾ ಕಾರ್ಬೆಟ್ ಎಂಥವಳೆಂದರೆ, ಅವಳ ಕಾಲನ್ನು ನೀವು ತುಳಿದರೂ ಸಾರಿ ಎನ್ನುವವಳು ಅವಳೇ. ಬಸ್ ಕಂಪನಿಯಲ್ಲಿ ಜನ ಬಿಟ್ಟುಹೋದ ಸಾಮಾನು ಕಾಯುವ ಕೌಂಟರಿನ ಹಿಂದೆ ಇಪ್ಪತ್ತೇಳು ವರ್ಷ ಕೂತಿದ್ದಳು. ತಾವೇ ಮರೆತ ಕೊಡೆಗೆ ಅವಳ ಮೇಲೆ ರೇಗುತ್ತಾ ಬರುವವರನ್ನೆಲ್ಲ ಸಮಾಧಾನ ಮಾಡಿ ಮಾಡಿ ಆ ಗುಣ ಮೈಗಂಟಿಕೊಂಡಿತ್ತು. ಮದುವೆ ಮಾಡಿಕೊಳ್ಳಲಿಲ್ಲ. ನಲವತ್ತೊಂದನೇ ವಯಸ್ಸಿಗೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ವರ್ದಿಂಗ್‌ನಲ್ಲಿ, ಸಮುದ್ರದಿಂದ ಎರಡು ಬೀದಿ ಒಳಗಿರುವ ನಮ್ಮ ಟರ್ನ್ ಕೋರ್ಟ್ ಎಂಬ ಕಟ್ಟಡದ ಮೂರನೇ ಮಹಡಿಯಲ್ಲಿ ಫ್ಲ್ಯಾಟ್ ಕೊಂಡಳು. ಲಿಫ್ಟ್ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಕೊಂಡಳು ಎನ್ನುವುದು ಬರೀ ಬಾಯಿಮಾತು. ನೆಲವೂ ಕಟ್ಟಡವೂ ಒಂದು ಕಂಪನಿಯದು. ನಮ್ಮ ಕೈಗೆ ಬರುವುದು ಲೀಸ್, ಅದೂ ೧೯೬೪ರಿಂದ ತೊಂಬತ್ತೊಂಬತ್ತು ವರ್ಷಕ್ಕೆ. ಮಾಡಿನ ರಿಪೇರಿಗೆ ನಮ್ಮ ದುಡ್ಡು, ಬಾಗಿಲಿನ ಬಣ್ಣಕ್ಕೆ ಅವರ ಅಪ್ಪಣೆ. ನೆನೆದರೆ ನನಗೆ ಇವತ್ತಿಗೂ ಮೈಯುರಿಯುತ್ತದೆ. ಮೊಣಕಾಲು ಕೈಕೊಡತೊಡಗಿದಾಗ ಥೆಲ್ಮಾ ಸುಧಾರಿಸಿಕೊಳ್ಳಲೆಂದು ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಒಂದು ಕುರ್ಚಿ ಇಟ್ಟಳು. ಬೆಂಕಿ ಬಿದ್ದರೆ ಅಡ್ಡವಾಗುತ್ತದೆ, ತೆಗೆಯಿರಿ ಎಂದು ಕಂಪನಿಯವರು ಬರೆದರು. ಅವಳು ಕ್ಷಮೆ ಕೇಳಿ ಪತ್ರ ಬರೆದು ಕುರ್ಚಿಯನ್ನು ತಾನೇ ಮೇಲಕ್ಕೆ ಹೊತ್ತಳು.

ನಾನು ಪಾಲೀನ್, ನೆಲಮಹಡಿಯವಳು. ನನ್ನ ಗಂಡ ಕಾಗದಪತ್ರದ ಪ್ರತಿ ಸಾಲನ್ನೂ ಓದುವ ಪ್ರಾಣಿ. ಸಾಯುವ ಮೊದಲೇ ನಮ್ಮ ಲೀಸನ್ನು ಮುಂದುವರಿಸಿಟ್ಟು ಹೋಗಿದ್ದ. ಥೆಲ್ಮಾ ಅದರ ಗೊಡವೆಗೇ ಹೋಗಿರಲಿಲ್ಲ. ೨೦೧೬ರಲ್ಲಿ ಅವಳಿಗೆ ಎಪ್ಪತ್ಮೂರು, ಲೀಸಿಗೆ ನಲವತ್ತೇಳು ವರ್ಷ ಬಾಕಿ. ಅವಳಿಗೆ ಬದುಕಲು ಅಷ್ಟು ಧಾರಾಳವಾಗಿ ಸಾಕು, ಮಾರಲು ಮಾತ್ರ ಸಾಲದು. ಅಷ್ಟು ಕಡಿಮೆ ಉಳಿದ ಫ್ಲ್ಯಾಟಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ, ಸಾಲ ಹುಟ್ಟದೆ ಕೊಳ್ಳುವವರು ಬರುವುದಿಲ್ಲ.

ಅವಳು ತನ್ನದನ್ನು ಮಾರಲೇಬೇಕಿತ್ತು. ಯಾಕೆಂದರೆ ಆ ದುಡ್ಡಿಗೆ ನನ್ನ ಫ್ಲ್ಯಾಟನ್ನು ಅವಳಿಗೇ ಮಾರುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಅರವತ್ತೆಂಟನೇ ವಯಸ್ಸಿನಲ್ಲಿ ನನಗೆ ಐವರ್ ಎಂಬ ವಿಧುರ ಗಂಟುಬಿದ್ದು, ದೂರದ ಡೆವನ್‌ಗೆ ಬಂದು ತನ್ನ ಜೊತೆಗಿರು ಎಂದು ಕರೆಯುತ್ತಿದ್ದ. ನಾನು ಹೊರಟರೆ ಥೆಲ್ಮಾ ಕೆಳಗಿಳಿಯುತ್ತಾಳೆ, ಇನ್ನು ಮೆಟ್ಟಿಲಿಲ್ಲ, ಹಿಂದುಗಡೆ ಮೂರಡಿ ತೋಟವೂ ಉಂಟು. ಅಲ್ಲಿ ಏನು ನೆಡಬೇಕೆಂದು ಅವಳು ಆಗಲೇ ಯೋಚಿಸಿಟ್ಟಿದ್ದಳು.

ಲೀಸಿಗೆ ಇನ್ನೂ ತೊಂಬತ್ತು ವರ್ಷ ಸೇರಿಸಿಕೊಡಿ ಎಂದು ಕೇಳುವ ಹಕ್ಕು ಕಾನೂನಿನಲ್ಲಿದೆ. ಥೆಲ್ಮಾ ವಕೀಲೆಯೊಬ್ಬಳನ್ನು ಹಿಡಿದು, ತಾನು ಕೊಡುವ ಬೆಲೆ ಬರೆದು ನೋಟಿಸ್ ಕೊಟ್ಟಳು. ಕಂಪನಿಯ ಪರವಾಗಿ ಜುಲೈ ಎಂಟಕ್ಕೆ ಉತ್ತರ ಬಂತು. ಕೊಡುತ್ತೇವೆ, ಆದರೆ ನೀವು ಹೇಳಿದ ಬೆಲೆಯ ಎರಡರಷ್ಟಾಗುತ್ತದೆ ಎಂದಿತ್ತು. ಅಲ್ಲಿಂದ ಚೌಕಾಸಿ. ಆ ಉತ್ತರದಿಂದ ಆರು ತಿಂಗಳೊಳಗೆ ಕುದುರದಿದ್ದರೆ ಬೆಲೆ ತೀರ್ಮಾನಿಸುವ ಟ್ರಿಬ್ಯುನಲ್‌ಗೆ ಅರ್ಜಿ ಹಾಕಲೇಬೇಕು, ಹಾಕದಿದ್ದರೆ ನೋಟಿಸ್ ಸತ್ತಂತೆ ಎಂದು ವಕೀಲೆ ಮೂರು ಸಲ ಹೇಳಿದಳಂತೆ.

ಕಂಪನಿಯ ಏಜೆಂಟ್ ಪೆನ್‌ಫೋಲ್ಡ್ ಬಲು ಸಭ್ಯ ಮನುಷ್ಯ. ಪ್ರತಿ ಪತ್ರದ ಕೊನೆಗೆ ಮೊಣಕಾಲು ಹೇಗಿದೆ ಎಂದು ವಿಚಾರಿಸುತ್ತಿದ್ದ. ಬೆಲೆಯನ್ನು ಮಾತ್ರ ಒಂದು ಕಾಸೂ ಇಳಿಸುತ್ತಿರಲಿಲ್ಲ. ಡಿಸೆಂಬರ್ ಮಧ್ಯದಲ್ಲಿ ಎರಡು ಲಕೋಟೆ ಒಂದೇ ಟಪಾಲಿನಲ್ಲಿ ಬಂದವು. ಒಂದು, ಸಹಿ ಹಾಕಿ ಕೂಡಲೇ ಕಳಿಸಿ ಎಂದು ವಕೀಲೆ ಕಳಿಸಿದ ಟ್ರಿಬ್ಯುನಲ್ ಅರ್ಜಿ. ಇನ್ನೊಂದು, ಪೆನ್‌ಫೋಲ್ಡನ ಕ್ರಿಸ್‌ಮಸ್ ಕಾರ್ಡು.

"ಕೈಯಾರೆ ಬರ್ದಿದ್ದಾನೆ ಕಣೆ ಪಾಲೀನ್" ಎಂದಳು ಥೆಲ್ಮಾ. "ಇವತ್ತು ಕಾರ್ಡ್ ಇಸ್ಕೊಂಡು ನಾಳೆ ಕೋರ್ಟಿಗೆಳೆದ್ರೆ ಏನ್ ಚೆನ್ನಾಗಿರುತ್ತೆ?"

"ಅವನೇನು ನಿನ್ ಸೋದರಳಿಯ ಅಲ್ಲ ಮಾರಾಯ್ತಿ. ಸೈನ್ ಹಾಕಿ ಕಳ್ಸು."

"ಹಬ್ಬ ಒಂದು ಕಳೀಲಿ."

ಕಾರ್ಡು ಬಂದರೆ ಕಾರ್ಡು ಕಳಿಸಬೇಕಲ್ಲ, ಪೆನ್‌ಫೋಲ್ಡನಿಗೊಂದು ಕಾರ್ಡು ಕೊಂಡು ಬರೆದು, ಕೊನೆಯ ಟಪಾಲು ತಪ್ಪಬಾರದೆಂದು ಆ ಮೊಣಕಾಲಿನಲ್ಲಿ ಮೂರು ಮಹಡಿ ಇಳಿದು ಡಬ್ಬಿಗೆ ಹಾಕಿ ಬಂದಳು. ಅರ್ಜಿ ಫ್ರಿಜ್ ಮೇಲೆ ಬಿದ್ದಿತ್ತು. ಹೊಸ ವರ್ಷದ ಮಾರನೇ ದಿನವೂ ಸಹಿ ಹಾಕಲಿಲ್ಲ. ವಕೀಲೆಯ ಫೋನಿಗೆ ಈ ವಾರ, ಈ ವಾರ ಎಂದಳು. ಅರ್ಜಿ ಕಳಿಸುವ ಮೊದಲೊಮ್ಮೆ ಹೇಳಿಬಿಡುವುದು ಮರ್ಯಾದೆ ಎಂದು ಪೆನ್‌ಫೋಲ್ಡನಿಗೇ ಫೋನ್ ಮಾಡಿದಳು. ಮಾತುಕತೆ ನಡೆಯುತ್ತಲೇ ಇದೆಯಲ್ಲ ಮಿಸ್ ಕಾರ್ಬೆಟ್, ಆತುರವೇನಿದೆ ಎಂದನಂತೆ. ಅದೇ ಸರಿ ಎಂದು ಅವಳಿಗೂ ಅನ್ನಿಸಿತು.

ಜನವರಿ ಎಂಟು ಕಳೆಯಿತು. ವಾರದೊಳಗೆ ಪೆನ್‌ಫೋಲ್ಡನ ಪತ್ರ ಬಂತು: ನೋಟಿಸ್ ಬಿದ್ದುಹೋಗಿದೆ, ಇನ್ನು ಹನ್ನೆರಡು ತಿಂಗಳು ಹೊಸದನ್ನು ಕೊಡುವಂತಿಲ್ಲ, ಇಲ್ಲಿಯವರೆಗಿನ ನಮ್ಮ ವಕೀಲರ ಖರ್ಚೂ ನಿಮ್ಮದೇ. ಪತ್ರದ ಕೊನೆಯಲ್ಲಿ ಮೊಣಕಾಲಿನ ಸುದ್ದಿ ಇರಲಿಲ್ಲ. ನನಗೆ ಪೆನ್‌ಫೋಲ್ಡನ ಮೇಲೆ ಎಷ್ಟು ಸಿಟ್ಟು ಬಂತೋ ಥೆಲ್ಮಾಳ ಮೇಲೂ ಅಷ್ಟೇ ಬಂತು.

ಆ ಭಾನುವಾರ ಅವಳು ನಿಂಬೆ ಕೇಕ್ ಹಿಡಿದು ಕೆಳಗೆ ಬಂದಳು. ಇಳಿದ ಆಯಾಸಕ್ಕೆ ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕುಸಿದಳು.

"ನನ್ನಿಂದ ನಿನ್ ದಾರಿಗೆ ಅಡ್ಡಿ ಆಗ್ಬಾರ್ದು. ಬೇರೆ ಯಾರಿಗಾದ್ರೂ ಮಾರ್ಬಿಡು. ಐವರ್ ಕಾಯ್ತಿದ್ದಾನೆ."

"ನಿಜವಾಗ್ಲೂ ಹೇಳ್ತಿದ್ದೀಯಾ?"

"ಖಂಡಿತ."

ನಾನು ಇದೇ ಊರಲ್ಲಿ ಹುಟ್ಟಿ ಬೆಳೆದವಳು. ಅಂಥ ಖಂಡಿತಕ್ಕೆ ನಮ್ಮಲ್ಲಿ ಹೋಗಬೇಡ ಎಂದೇ ಅರ್ಥವೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆವತ್ತು ಅದನ್ನು ಹೇಳಿದ ಹಾಗೇ ತೆಗೆದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಎರಡು ತುಂಡು ಕೇಕ್ ತಿಂದೆ. ಮಾರ್ಚ್‌ನಲ್ಲಿ ಲಂಡನ್ನಿನ ದಂಪತಿಗೆ ಫ್ಲ್ಯಾಟ್ ಮಾರಿದೆ. ಅವರು ರಜೆಗೆ ಬಂದು ಹೋಗುವವರು.

ವರ್ಷ ಕಳೆದು ಥೆಲ್ಮಾ ಮತ್ತೆ ನೋಟಿಸ್ ಕೊಟ್ಟಳು. ಈ ಸಲ ವಕೀಲೆ ತೋರಿಸಿದ ಜಾಗಕ್ಕೆಲ್ಲ ತೋರಿಸಿದ ದಿನವೇ ಸಹಿ ಹಾಕಿದಳು. ಟ್ರಿಬ್ಯುನಲ್‌ಗೆ ಅರ್ಜಿ ಹೋದ ಮೇಲೆ ಪೆನ್‌ಫೋಲ್ಡ್ ತಾನಾಗಿ ಬೆಲೆ ಇಳಿಸಿದ. ೨೦೧೮ರ ಅಕ್ಟೋಬರಿಗೆ ಹೊಸ ಲೀಸ್ ಕೈಗೆ ಬಂತು, ನೂರಾ ಮೂವತ್ತೈದು ವರ್ಷಕ್ಕೆ. ಅಷ್ಟರಲ್ಲಿ ಆ ಬೇಸಿಗೆ ಮೆಟ್ಟಿಲ ಮೇಲೆ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಸ್ಪತ್ರೆಯಿಂದ ಇಬ್ಬರು ಕುರ್ಚಿಯಲ್ಲಿ ಹೊತ್ತು ಮೇಲೆ ಬಿಟ್ಟುಹೋದ ಮೇಲೆ ಅವಳು ಕೆಳಗಿಳಿದೇ ಇಲ್ಲ. ಈಗ ಫ್ಲ್ಯಾಟ್ ಮಾರಬಹುದು. ಆದರೆ ಇನ್ನೊಂದನ್ನು ನೋಡಲಾದರೂ ಕೆಳಗಿಳಿಯಬೇಕಲ್ಲ, ಅದಕ್ಕೆ ಕಾಲೂ ಇಲ್ಲ, ಮನಸ್ಸೂ ಉಳಿದಿಲ್ಲ.

ನವೆಂಬರಿನಲ್ಲಿ ಡೆವನ್‌ನಿಂದ ನೋಡಲು ಹೋದೆ. ಟೀ ನಾನೇ ಮಾಡಿದೆ. ಲೀಸ್ ಮೇಜಿನ ಮೇಲಿತ್ತು. ಇದು ಮುಗಿಯುವ ಹೊತ್ತಿಗೆ ನಿನಗೆ ಇನ್ನೂರಹತ್ತು ತುಂಬಿರುತ್ತದೆ ಎಂದು ನಕ್ಕೆ. ಅವಳು ನಗಲಿಲ್ಲ.

"ನೀನು ಒಂದೆರಡ್ ವರ್ಷ ಕಾಯ್ಬೋದಿತ್ತು, ಪಾಲೀನ್."

ಐವರ್ ಎಂದು ನಾನು ಬಾಯಿ ತೆರೆದೆ.

"ಐವರ್ ಆ ಮುದಿ ಕಾಲ್ ಇಟ್ಕೊಂಡು ಎಲ್ಲಿಗೆ ಓಡಿಹೋಗ್ತಿದ್ದ? ಕಾಯಿ ಅಂತ ನಾನು ಬಾಯ್ಬಿಟ್ಟು ಕೇಳ್ಲಿಲ್ಲ, ನಿಜ. ಕಾಯ್ಲಾ ಅಂತ ನೀನೂ ಕೇಳ್ಲಿಲ್ಲ."

ಮೂವತ್ತು ವರ್ಷದಲ್ಲಿ ಅವಳು ಯಾರಿಗೂ ಇಷ್ಟು ಕಟುವಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಮುಖ ತಗ್ಗಿಸದೆ, ನನ್ನನ್ನೇ ನೋಡುತ್ತಾ ಕೂತಿದ್ದಳು. ಹೌದು ಥೆಲ್ಮಾ, ಕಾಯಬಹುದಿತ್ತು ಎಂದೆ.