ಬಾಗಿಲ ಭಾವನ ಸಬ್‌ಸ್ಕ್ರೈಬು

ನನ್ನ ಅಕ್ಕನ ಗಂಡ ದೊಡ್ಡದೊಂದು ಲಾಡ್ಜಿನ ಬಾಗಿಲು ಕಾಯುತ್ತಿದ್ದ. ಮನೆಮಂದಿಗೆಲ್ಲ ಅವನು ಬಾಗಿಲ ಭಾವ. ದಿನವಿಡೀ ನಿಂತು ನಿಂತು ಅವನ ಮಂಡಿಗಳು ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿದ್ದವು. ಹೀಗಿರುವಾಗ ಒಳಗೆ ಕೌಂಟರಿನ ಹಿಂದಿನ ಮೆತ್ತನೆ ಕುರ್ಚಿ ಖಾಲಿಯಾಯಿತು. ಭಾವನ ಕಣ್ಣು ಅದರ ಮೇಲೆ ಬಿತ್ತು. ಆದರೆ ಅಲ್ಲಿ ಕೂರುವವನಿಗೆ ಫೋನಿನಲ್ಲಿ ಬರುವ ಇಂಗ್ಲಿಷು ತಿಳಿಯಬೇಕು, ಪರೀಕ್ಷೆ ಮಾಡಿಯೇ ಕೂರಿಸುವುದು ಎಂದುಬಿಟ್ಟರು ಮ್ಯಾನೇಜರು. ಭಾವನಿಗೋ ಇಂಗ್ಲಿಷೆಂದರೆ ತಗಡಿನ ಮೇಲೆ ಕಲ್ಲು ಸುರಿದ ಸದ್ದು.

ಅವನು ಮೊಬೈಲಿನ ಪಾಠದ ವಿಡಿಯೋಗಳಿಗೆ ಗಂಟುಬಿದ್ದ. ಅದರಲ್ಲೊಬ್ಬ ಟೀಚರಮ್ಮ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿ, "ಅರ್ಥವಾಯಿತಾ?" ಎಂದು ಕೇಳಿ, ತುಸು ತಡೆದು "ವೆರಿ ಗುಡ್" ಅನ್ನುತ್ತಿದ್ದಳು. ಶಾಲೆಯಲ್ಲಿ ಹಿಂಡಿಸಿಕೊಂಡದ್ದು ಬಿಟ್ಟರೆ ಭಾವನ ಕಿವಿಗೆ ಅಂಥ ಮರ್ಯಾದೆ ಎಂದೂ ಸಿಕ್ಕಿರಲಿಲ್ಲ. ಉಬ್ಬಿಹೋದ.

"ಎಲ್ಲಾ ಸರಿ ಹೇಳಿದೆ ಕಣೆ. ಮೇಡಂ ವೆರಿ ಗುಡ್ ಅಂದ್ರು."

"ನಾನು ಈರುಳ್ಳಿ ಹೆಚ್ತಿದ್ದಾಗ್ಲೂ ಅಂದ್ಲು," ಎಂದಳು ಅಕ್ಕ. "ಮೊನ್ನೆ ನೀವು ಗೊರಕೆ ಹೊಡೀತಿದ್ರಿ, ಅದಕ್ಕೂ ಅಂದ್ಲು."

"ನಿದ್ದೇಲೂ ಸರಿಯಾಗೇ ಹೇಳಿರ್ತೀನಿ ಬಿಡು."

ಆ ಬಿಟ್ಟಿ ಹೊಗಳಿಕೆಯೇ ಗೊಬ್ಬರವಾಗಿ ಕಿವಿ ನಿಜಕ್ಕೂ ಹದಕ್ಕೆ ಬಂತು.

ಪರೀಕ್ಷೆಯ ದಿನ ಮ್ಯಾನೇಜರು ಪಕ್ಕದ ಕೋಣೆಯಿಂದ ಫೋನು ಮಾಡಿ, ಇಳಿದುಕೊಂಡ ಗಿರಾಕಿಯಂತೆ ಇಂಗ್ಲಿಷಿನಲ್ಲಿ ಮಾತಾಡಿದರು. ಟವೆಲ್ಲು ಕೇಳಿದರೆ ಟವೆಲ್ಲು, ಟ್ಯಾಕ್ಸಿ ಕೇಳಿದರೆ ಟ್ಯಾಕ್ಸಿ. ನಲ್ಲಿ ಸೋರುತ್ತಿದೆ ಅಂದದ್ದೇ ತಡ, ಸೋರದ ನಲ್ಲಿಗೆ ಪ್ಲಂಬರನನ್ನು ಎಳೆದುತಂದ. ಕೊನೆಗೆ ಮ್ಯಾನೇಜರು, ಕೋಣೆ ಬಿಟ್ಟು ಹೊರಟೆ, ಬೈ ಬೈ ಅಂದರು.

ಭಾವ ಗಂಟಲು ಸರಿಮಾಡಿಕೊಂಡು ನುಡಿದ: "ಡೋಂಟ್ ಫರ್ಗೆಟ್ ಟು ಸಬ್‌ಸ್ಕ್ರೈಬ್."

ಮ್ಯಾನೇಜರು ಎದ್ದು ಈಚೆಗೆ ಬಂದರು. "ಏನಯ್ಯಾ ಅದು?"

"ಕಳಿಸಿಕೊಡೋ ಮಾತು ಸಾರ್. ಹೊರಟೋರಿಗೆ ನಾವು ಬರೀ 'ಹೋಗಿ' ಅಂತೀವಾ? 'ಹೋಗಿ ಬನ್ನಿ' ಅಂತೀವಿ. ಇಂಗ್ಲಿಷಿನೋರಲ್ಲೂ ಹಾಗೇ. ಯಾವ ವಿಡಿಯೋನೇ ನೋಡಿ, ಹೊರಡುವಾಗ ಇದನ್ನ ಹೇಳದೆ ಯಾರೂ ಹೊರಡಲ್ಲ."

"ಅದರ ಅರ್ಥ ಬೇರೆ ಕಣಯ್ಯಾ."

"ಮತ್ತೆ ಮತ್ತೆ ಬರ್ತಾ ಇರಿ ಅಂತ ತಾನೇ ಸಾರ್?"

ಮ್ಯಾನೇಜರು ಕುರ್ಚಿಯತ್ತ ಕೈ ತೋರಿಸಿ "ಕೂತ್ಕೊ" ಅಂದರು.

ಭಾವ ಕುರ್ಚಿಯ ಪಕ್ಕದಲ್ಲಿ ನಿಂತೇ ಇದ್ದ. ಮಂಡಿಗಳು ಕಿರುಗುಟ್ಟುತ್ತಲೇ ಇದ್ದವು.

"ಕೂತ್ಕೊ ಅಂದಿದ್ದು ಕೇಳಿಸಲಿಲ್ವಾ?"

"ಕೇಳಿಸ್ತು ಸಾರ್. ತಾವಿನ್ನೂ ವೆರಿ ಗುಡ್ ಅಂದಿಲ್ಲ."

ಮ್ಯಾನೇಜರು ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಅಂದರು. ಭಾವ ಕೂತ.