ಸೊರಗಿದ ಸಿಪಾಯಿಗಳು

ಬೆಳಿಗ್ಗೆ ಕರೆಂಟ್ ಬಂತೆಂದರೆ ನಮ್ಮ ಬೀದಿಗೆ ಬಿಸಿ ಅರಗಿನ ವಾಸನೆಯೂ ಬಂತೆಂದೇ ಲೆಕ್ಕ. ಚನ್ನಪಟ್ಟಣದಲ್ಲಿ ನಮ್ಮದು ಬೊಂಬೆ ಮಾಡುವವರ ಬೀದಿ. ಲೇತಿನಲ್ಲಿ ಗಿರ್ರನೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಗ ಏಳುವ ವಾಸನೆ ಅದು. ಹೇಗಿರುತ್ತದೆ ಎಂದು ಕೇಳಿದರೆ ಹೇಳಲಾರೆ. ಹಿಂದೆ ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲಿಗೆ ಅರಗಿನ ಮುದ್ರೆ ಒತ್ತುವುದನ್ನು ಕಂಡವರಿಗೆ ಸ್ವಲ್ಪ ಅಂದಾಜು ಸಿಕ್ಕೀತು. ಹೊಸಬರಿಗೆ ತಲೆನೋವು ತರುತ್ತದಂತೆ. ನನಗೆ ಅದಿಲ್ಲದೆ ಕಾಫಿ ಇಳಿಯುವುದಿಲ್ಲ.

ಹೋದ ತಿಂಗಳು ಒಂದು ದಿನ ಆ ವಾಸನೆಯ ಜೊತೆಗೇ ಕೆಂಚೇಗೌಡರು ನೆನಪಾದರು. ಅವರು ನೆನಪಾದರೆ ನನ್ನದೊಂದು ಹಳೆಯ ಜಾಣತನವೂ ನೆನಪಾಗುತ್ತದೆ. ಹೇಳಿಕೊಳ್ಳಲು ನಾಚಿಕೆಯೇ. ಆದರೂ ಇಷ್ಟು ದೂರ ಬಂದಿದ್ದೀರಿ, ಕೂತುಕೊಳ್ಳಿ, ಹೇಳಿಬಿಡುತ್ತೇನೆ.

ನಾನು ಆಗ ಕನಕಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟು. ದಿನಾ ಬೆಳಿಗ್ಗೆ ಸಾತನೂರಿನ ಮೇಲೆ ಹೋಗುವ ಬಸ್ಸು ಹತ್ತಿ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಒಂದು ಮರದ ಸಿಪಾಯಿ ಇಟ್ಟುಕೊಂಡಿದ್ದೆ. ಕೆಂಪು ಅಂಗಿ, ಕಪ್ಪು ಟೋಪಿ, ಗಡಿಗೆಯಂಥ ಹೊಟ್ಟೆ. ನಮ್ಮ ಎದುರುಮನೆಯ ದಸ್ತಗೀರಣ್ಣ ಮಾಡಿದ್ದು. ಒಂದು ದಿನ ಪೆನ್ಷನ್ನಿನ ಕಾಗದಕ್ಕೆಂದು ಬಂದ ವಯಸ್ಸಾದವರೊಬ್ಬರು ತಮ್ಮ ಅರ್ಜಿ ಕೊಡುವುದನ್ನು ಬಿಟ್ಟು ಆ ಸಿಪಾಯಿಯನ್ನೇ ಎತ್ತಿಕೊಂಡು ನೋಡತೊಡಗಿದರು.

“ಇವ್ನು ಎಲ್ಲಿ ಸಿಕ್ದ ತಾಯಿ?”

ಹೇಳಿದೆ. ಅವರೇ ಕೆಂಚೇಗೌಡರು. ಮಿಲಿಟರಿಯಲ್ಲಿದ್ದವರು, ಆದರೆ ಬಂದೂಕು ಹಿಡಿದವರಲ್ಲ. ಅಲ್ಲಿನ ಲಂಗರಿನಲ್ಲಿ, ಅಂದರೆ ಪಡೆಯ ಅಡುಗೆಮನೆಯಲ್ಲಿ, ಇಡೀ ಸರ್ವಿಸ್ಸು ಸೌಟು ಹಿಡಿದವರು. “ವರ್ಷಾ ವರ್ಷಾ ಇಂಥೋವು ಒಂದತ್ತು ಕೊಡಿಸ್ತೀರಾ? ದಸರಾಕ್ಕೆ ಹಲಗೆ ಮೇಲೆ ನಿಲ್ಲಿಸ್ತೀನಿ,” ಎಂದರು. ಅವರ ಮನೆಯಲ್ಲಿ ಬೊಂಬೆ ಕೂರಿಸುವ ಪದ್ಧತಿ ಇರಲಿಲ್ಲ. ಆಸೆಗೆ ಪದ್ಧತಿ ಯಾಕೆ ಬೇಕು?

ಇಲ್ಲಿ ನನ್ನ ಜಾಣತನ ಬರುತ್ತದೆ. ನಮ್ಮವ್ವ ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯವಳು. ಚೌಕಾಸಿಯಲ್ಲಿ ಅವಳನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಬೆಲೆ ಕೇಳುವುದು, ಮುಖ ಸೊಟ್ಟ ಮಾಡುವುದು, ಎಂಟು ಹೆಜ್ಜೆ ನಡೆದು ಹೋಗುವುದು. ಎಂಟನೆಯದರೊಳಗೆ ಅಂಗಡಿಯವನು ಕರೆಯಲೇಬೇಕು. ಒಂಬತ್ತನೆಯದನ್ನು ಇಟ್ಟರೆ ಮಾನ ಹೋಯಿತು. ಆ ವಿದ್ಯೆ ಒಸಿ ನನಗೂ ಬಂದಿತ್ತು. ಎದುರುಮನೆಗೆ ಹೋದೆ. ದಸ್ತಗೀರಣ್ಣ ಒಂದಕ್ಕೆ ನಲವತ್ತು ಎಂದರು. ನಾನು ಮೂವತ್ತಕ್ಕೆ ಇಳಿಸಿದೆ. ಸಾಲದೆಂಬಂತೆ ಇನ್ನೊಂದು ಗಂಟನ್ನೂ ಹಾಕಿದೆ.

“ಪಾಪ, ಪೆನ್ಷನ್ನಿನವರು. ವರ್ಷಾ ವರ್ಷಾ ಹತ್ತು ತಗೊಳ್ಳೋರಂತೆ. ಇವರಿಗೆ ಮಾತ್ರ ಈ ರೇಟು ಯಾವತ್ತೂ ಏರಿಸಕೂಡದು. ಮಾತು ಕೊಡಿ.”

ದಸ್ತಗೀರಣ್ಣ ಉಳಿ ಕೆಳಗಿಟ್ಟು ನಕ್ಕರು. “ಆಯ್ತು ಬುಡಕ್ಕ, ಕೊಟ್ಟೆ.”

ಅಂದು ಸಂಜೆಯೆಲ್ಲ ನಾನು ಬೀಗುತ್ತಲೇ ಇದ್ದೆ. ಬೇರೆಯವರ ಕೈಯಿಂದ ಧರ್ಮ ಮಾಡಿಸಿ ಪುಣ್ಯವನ್ನು ನಮ್ಮ ಹೆಸರಿಗೆ ಬರೆದುಕೊಳ್ಳುವುದು ಎಷ್ಟು ಸುಲಭ!

ಅಲ್ಲಿಂದ ಪ್ರತಿ ದಸರೆಗೆ ಹತ್ತು ಸಿಪಾಯಿಗಳ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುವುದು ನನ್ನ ಕೆಲಸವಾಯಿತು. ಕೆಂಚೇಗೌಡರು ಕಚೇರಿಗೇ ಬಂದು ದುಡ್ಡು ಕೊಟ್ಟು ಒಯ್ಯುತ್ತಿದ್ದರು. ಡಬ್ಬ ವರ್ಷದಿಂದ ವರ್ಷಕ್ಕೆ ಹಗುರಾಗುತ್ತಿತ್ತು. ನನಗೆ ಅದು ತಿಳಿಯಲೇ ಇಲ್ಲ. ತಿಳಿದಿದ್ದರೂ ಬಸ್ಸಿನಲ್ಲಿ ಸೀಟು ಸಿಕ್ಕಿದ ಸುಖ ಎಂದುಕೊಳ್ಳುತ್ತಿದ್ದೆನೇನೋ.

ಏಳನೆಯ ವರ್ಷವೋ ಎಂಟನೆಯ ವರ್ಷವೋ, ಕೆಂಚೇಗೌಡರು ನನ್ನನ್ನು ಮಧ್ಯಾಹ್ನದ ಊಟಕ್ಕೆ ಕರೆದರು. ಮನೆ ಕಚೇರಿಗೆ ಹತ್ತಿರವೇ. ಅವರೇ ಮಾಡಿದ ಅವರೆಕಾಳಿನ ಸಾರು, ಬಿಸಿ ಮುದ್ದೆ. ಬಡಿಸುವಾಗ ತಟ್ಟೆ ನೋಡುತ್ತಿರಲಿಲ್ಲ, ಉಣ್ಣುವವರ ಮುಖ ನೋಡುತ್ತಿದ್ದರು. ಊಟವಾದ ಮೇಲೆ ನಡುಮನೆಗೆ ಕರೆದುಕೊಂಡು ಹೋದರು. ಗೋಡೆಗೆ ಒಂದರ ಕೆಳಗೊಂದು ಹಲಗೆ ಹೊಡೆದು, ವರ್ಷಕ್ಕೊಂದು ಸಾಲಿನಂತೆ ಸಿಪಾಯಿಗಳನ್ನು ನಿಲ್ಲಿಸಿದ್ದರು.

“ಒಸಿ ನೋಡಿ ತಾಯಿ. ಮೇಲಿಂದ ಕೆಳಕ್ಕೆ ನೋಡ್ಕಂಡು ಬನ್ನಿ.”

ನೋಡಿದೆ. ಮೇಲಿನ ಸಾಲಿನವರು ನನ್ನ ಮೇಜಿನ ಸಿಪಾಯಿಯ ಹಾಗೆ ಗುಂಡಗಿದ್ದರು. ಎರಡನೆಯ ಸಾಲಿನವರ ಹೊಟ್ಟೆ ಸ್ವಲ್ಪ ಒಳಕ್ಕೆ ಹೋಗಿತ್ತು. ಮೂರನೆಯ ಸಾಲಿನವರಿಗೆ ಹೊಟ್ಟೆಯೇ ಇರಲಿಲ್ಲ. ಹೀಗೆ ಇಳಿಯುತ್ತಾ ಇಳಿಯುತ್ತಾ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಹತ್ತು ಪೆನ್ಸಿಲ್ಲುಗಳಿಗೆ ಟೋಪಿ ಹಾಕಿ ನಿಲ್ಲಿಸಿದಂತಿತ್ತು. ಬಣ್ಣ ಮಾತ್ರ ಅದೇ ಬಣ್ಣ, ಹೊಳಪು ಅದೇ ಹೊಳಪು. ಮೀಸೆಯಲ್ಲಿ ಒಂದು ಎಳೆಯೂ ಹೆಚ್ಚುಕಮ್ಮಿ ಇರಲಿಲ್ಲ.

ನನಗೆ ಮುಖಕ್ಕೆ ಹೊಡೆದಂತಾಯಿತು. ದಸ್ತಗೀರಣ್ಣ ಮೋಸ ಮಾಡಿದರು ಎಂದೇ ಮೊದಲು ತೋಚಿದ್ದು. “ನಾನು ಹೋಗಿ ಕೇಳ್ತೀನಿ ಗೌಡ್ರೇ, ಸುಮ್ಮನೆ ಬಿಡಲ್ಲ,” ಎಂದೆ.

ಅವರು ಗಾಬರಿಯಾಗಿ ಕೈ ಅಡ್ಡ ಮಾಡಿದರು. “ಜಗಳಕ್ಕೆ ಹೇಳ್ಳಿಲ್ಲ ಕಣ್ ತಾಯಿ. ನಾನು ಸಾವಿರಾರು ಜನಕ್ಕೆ ಬಡಿಸಿದೋನು. ಆಳು ಸೊರಗಿದ್ರೆ ಅವನಿಗೇನಾಗೈತೆ ಅಂತ ಮೊದ್ಲು ಕೇಳ್ಬೇಕು. ಆ ಮನೇಲಿ ಎಲ್ಲ ಸರಿಯಾಗಿ ಉಣ್ತಾ ಅವ್ರಾ? ಅದೊಂದು ತಿಳ್ಕೊಂಡ್ ಬನ್ನಿ.”

ವರ್ಷಗಟ್ಟಲೆ ಎದುರುಮನೆಯಲ್ಲಿದ್ದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಅಂದು ಬಸ್ಸಿಳಿದು ನೇರವಾಗಿ ದಸ್ತಗೀರಣ್ಣನ ಕೆಲಸದ ಕೋಣೆಗೆ ಹೋದೆ. ಅವರ ಮಗಳು ನಸೀಮಾ ಬಾಗಿಲಲ್ಲಿ ಕೂತು ಸಿಪಾಯಿಗಳಿಗೆ ಕಣ್ಣು ಬರೆಯುತ್ತಿದ್ದಳು. ಆಗ ಕಾಲೇಜು ಮುಗಿಸಿದ್ದಳು. ಲೇತು ನಿಲ್ಲುವವರೆಗೆ ಕಾದು, ಕಂಡದ್ದನ್ನು ಹೇಳಿ, ಯಾಕೆ ಹೀಗೆ ಮಾಡಿದಿರಿ ಎಂದೆ. ದಸ್ತಗೀರಣ್ಣ ತುಂಬ ಹೊತ್ತು ಹೆಗಲ ಮೇಲಿನ ಮರದ ಹೊಟ್ಟು ಕೊಡವಿಕೊಂಡರು.

“ನೀವೇ ಮಾತು ತಗಂಡಿದ್ರಲ್ಲಕ್ಕ, ಏರಿಸ್ಬ್ಯಾಡ ಅಂತ.”

ನನಗೆ ನಿಜವಾಗಿಯೂ ಮರೆತುಹೋಗಿತ್ತು.

“ಬೊಂಬೆಗೆ ಆಗೋ ಆಲೆಮರ ಮೊದ್ಲಂಗೆ ಸಿಕ್ತಾ ಇಲ್ಲ. ದಪ್ಪ ತುಂಡು ಬೇಕು ಅಂದ್ರೆ ಮಾರೋರು ಹೇಳಿದ್ದೇ ರೇಟು. ತಂದ್ಮೇಲೆ ತಿಂಗಳುಗಟ್ಲೆ ಒಣಗಿಸ್ಬೇಕು. ಅಷ್ಟು ದಿನ ದುಡ್ಡು ಅಲ್ಲೇ ಮಲಗಿರ್ತೈತೆ. ಅರಗು ಏರ್ತು. ಕರೆಂಟು ಏರ್ತು. ಸಣ್ಣ ಕೊಂಬೆ ಆದ್ರೆ ಅಗ್ಗ, ಅದಕ್ಕೆ ಕೊಂಬೇಲೇ ಮಾಡ್ಬುಟ್ಟೆ. ಆದ್ರೆ ಅರಗಿನಾಗೆ ಕೈ ಹಿಡೀಲಿಲ್ಲ ಅಕ್ಕ. ಬೇಕಾದ್ರೆ ಉಜ್ಜಿ ನೋಡಿ.”

“ನಮ್ಮ ಅಬ್ಬಾ ಅದನ್ನ ಮೂವತ್ತಕ್ಕೆ ಕೊಟ್ರೆ ಕೂಲಿ ಅಂತ ಏನೂ ಉಳಿಯಲ್ಲ ಆಂಟಿ,” ಎಂದಳು ನಸೀಮಾ, ಕುಂಚ ಎತ್ತದೆ. “ಗೌಡ್ರ ಡಬ್ಬದ ಕೆಲಸ ಇರೋ ವಾರ ಬೇರೆ ಕೆಲಸ ಹಿಡಿಯಲ್ಲ. ಕೇಳಿದ್ರೆ, ಮಾತು ಕೊಟ್ಟಿದ್ದೀನಿ ಅಂತಾರೆ.”

“ಸುಮ್ಕಿರು ನೀನು,” ಎಂದರು ದಸ್ತಗೀರಣ್ಣ.

ಕೆಂಚೇಗೌಡರು ಕೇಳಿ ಕಳಿಸಿದ ಪ್ರಶ್ನೆಯನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ಕೋಣೆಯ ಮೂಲೆಯಲ್ಲಿ ನೆಟ್ಟಗಿನ ಮರದ ರಾಶಿ ಇರುತ್ತಿದ್ದ ಜಾಗದಲ್ಲಿ ಬರೀ ಕಡ್ಡಿಯಂಥ ಕೊಂಬೆಗಳಿದ್ದವು. ಉತ್ತರ ಅಷ್ಟರಲ್ಲೇ ಇತ್ತು. “ಆ ಮಾತು ನಾನು ವಾಪಸ್ ತಗೊಂಡಿದ್ದೀನಿ ದಸ್ತಗೀರಣ್ಣ. ನಾನು ಕೇಳಬಾರದಿತ್ತು,” ಎಂದೆ. ಅವರು ತಲೆ ಅಲ್ಲಾಡಿಸಿದರು. ಆದರೆ ಹೊಸ ಬೆಲೆ ಎಷ್ಟೆಂದು ಮಾತ್ರ ಹೇಳಲಿಲ್ಲ.

ಮುಂದಿನ ಭಾನುವಾರ ಕೆಂಚೇಗೌಡರೇ ಚನ್ನಪಟ್ಟಣಕ್ಕೆ ಬಂದಿಳಿದರು. ಒಂದು ಕೈಯಲ್ಲಿ ದೊಡ್ಡ ಟಿಫನ್ ಕ್ಯಾರಿಯರ್ರು, ಇನ್ನೊಂದರಲ್ಲಿ ಮೊದಲ ಸಾಲಿನ ಒಬ್ಬ ಗುಂಡ ಸಿಪಾಯಿ. ಇಷ್ಟು ವರ್ಷ ನನ್ನ ಡಬ್ಬದ ಮೂಲಕವೇ ಪರಿಚಯವಿದ್ದ ಇಬ್ಬರು ಅಂದು ಮೊದಲ ಸಲ ಎದುರುಬದುರು ಕೂತರು. ಕೆಂಚೇಗೌಡರು ಲೇತು, ಉಳಿ, ಹೊಳಪಿಗೆ ಉಜ್ಜುವ ತಾಳೆಗರಿ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಸಿಪಾಯಿಯನ್ನು ಮಣೆಯ ಮೇಲಿಟ್ಟು ಕೇಳಿದರು.

“ಸಾಬ್ರೇ, ಈ ಅಳ್ತೇಲಿ ಮಾಡಿದ್ರೆ ಈಗ ಎಷ್ಟಾಯ್ತದೆ? ನ್ಯಾಯವಾಗಿ ಹೇಳ್ಬುಡಿ.”

ದಸ್ತಗೀರಣ್ಣ ಲೇತಿನ ಪಟ್ಟಿಯನ್ನು ನೋಡಿದರು, ನೆಲ ನೋಡಿದರು, ನನ್ನ ಮುಖ ನೋಡಿದರು. ಮರಕ್ಕೆ ಅಷ್ಟು ಚೂಪಾಗಿ ಉಳಿ ಹಿಡಿಯುವ ಮನುಷ್ಯನಿಗೆ ಒಂದು ಸಂಖ್ಯೆ ಬಾಯಿಂದ ಹೊರಡಲಿಲ್ಲ. ಕೊನೆಗೆ ನಸೀಮಾಳೇ ಹೇಳಿದಳು.

“ತೊಂಬತ್ತು, ತಾತ.”

ಮೂರು ಪಟ್ಟು. ನನ್ನ ನಾಲಿಗೆ, ಹುಟ್ಟುಗುಣ, ಎಂಬತ್ತು ಅನ್ನಲು ಆಗಲೇ ಎದ್ದಿತ್ತು, ಕಚ್ಚಿಕೊಂಡೆ. ಕೆಂಚೇಗೌಡರು ಬೆರಳು ಮಡಿಸಿ ಲೆಕ್ಕ ಹಾಕಿದರು.

“ಹತ್ತು ನನ್ ಕೈಲಾಗಕಿಲ್ಲ ಮಗ. ನಾಕು ಮಾಡ್ಕೊಡಿ.”

“ಹತ್ತೂ ತಗಂಡೋಗಿ ಗೌಡ್ರೇ, ನಿಮ್ತಾವ ನಾನು ಲೆಕ್ಕ ಮಾಡ್ತೀನಾ?” ದಸ್ತಗೀರಣ್ಣನ ದನಿ ಏರಿತು.

“ಮಾಡ್ಬೇಕು. ಒಬ್ಬನ ತಟ್ಟೇದ ತಗದು ಇನ್ನೊಬ್ಬನಿಗೆ ನಾನು ಯಾವತ್ತೂ ಬಡಿಸಿಲ್ಲ. ನಾಕೇ ಸಾಕು. ಹೊಟ್ಟೆ ತುಂಬಿದೋರು ಬರ್ಲಿ.” ಹೀಗೆಂದು ಕ್ಯಾರಿಯರ್ ಬಿಚ್ಚಿದರು. ಅಂದು ನಾವು ನಾಲ್ವರೂ ಮರದ ಹೊಟ್ಟಿನ ನಡುವೆ ಕೂತು ಉಂಡೆವು. ದಸ್ತಗೀರಣ್ಣ ಎರಡು ಸಲ ಸಾರು ಹಾಕಿಸಿಕೊಂಡರು. ಕೆಂಚೇಗೌಡರು ಅವರ ಮುಖವನ್ನೇ ನೋಡುತ್ತಿದ್ದರು.

ಅದಾದ ಮೇಲೆ ವರ್ಷಕ್ಕೆ ನಾಲ್ಕು ಬಂದವು, ಆಮೇಲೆ ಮೂರು, ಆಮೇಲೆ ಎರಡು. ಬೆಲೆ ಏರುತ್ತಲೇ ಹೋಯಿತು, ಸಿಪಾಯಿಗಳು ಮತ್ತೆ ಸೊರಗಲಿಲ್ಲ. ಈಗ ಲೇತು ನಡೆಸುವವಳು ನಸೀಮಾ. ಬೆಂಗಳೂರಿನಿಂದ ಬೊಂಬೆ ಕೂಡಿಹಾಕುವ ಶೋಕಿಯವರು ಕಾರಿನಲ್ಲಿ ಬರುತ್ತಾರೆ. ಅವಳು ಕಣ್ಣು ತಗ್ಗಿಸದೆ ಬೆಲೆ ಹೇಳುತ್ತಾಳೆ. ಯಾಕಿಷ್ಟು ಎಂದರೆ ಮರದ ತುಂಡನ್ನೇ ಅವರ ಕೈಗಿಟ್ಟು ವಿವರಿಸುತ್ತಾಳೆ. ಅವರಲ್ಲೊಬ್ಬರು ಗೌಡರ ಸಂಗ್ರಹದ ಸುದ್ದಿ ಕೇಳಿ ಕನಕಪುರಕ್ಕೆ ಹೋಗಿದ್ದರಂತೆ. ಸೊರಗಿದವರಿಗೇ ಹೆಚ್ಚು ಬೆಲೆ ಕೊಡುತ್ತೇನೆ, ಅಂಥವು ಬೇರೆಲ್ಲೂ ಇಲ್ಲ ಎಂದರಂತೆ. ಗೌಡರು ಅವರಿಗೆ ಊಟ ಹಾಕಿ ಕಳಿಸಿದರು. ಬೊಂಬೆ ಕೊಡಲಿಲ್ಲ.

ಹೋದ ತಿಂಗಳು ಅರಗಿನ ವಾಸನೆಗೆ ಅವರು ನೆನಪಾದರು ಎಂದೆನಲ್ಲ, ಅಂದೇ ಮಧ್ಯಾಹ್ನ ಅವರ ಫೋನೂ ಬಂತು. ಈಗ ಅವರಿಗೆ ಬಸ್ಸು ಹತ್ತಲಾಗುವುದಿಲ್ಲ. “ಈ ವರ್ಷ ಸಿಪಾಯಿ ಬ್ಯಾಡ ತಾಯಿ. ಒಬ್ಬ ಅಡುಗೆಯೋನು ಬೇಕು, ಸೌಟು ಹಿಡ್ದಿರೋನು. ಇಷ್ಟು ಜನ ನಿಂತವ್ರೆ, ಬಡಿಸೋರೇ ಇಲ್ಲ.”

ನಸೀಮಾ ಆರುನೂರು ಎಂದಳು. ಸೌಟು ಬೇರೆ ತಿರುವಬೇಕು, ಕೈಗೆ ಕೂರಿಸಬೇಕು, ಏಪ್ರನ್ನಿಗೆ ಇನ್ನೊಂದು ಬಣ್ಣ. ನಾನು ಗೌಡರಿಗೆ ಇದ್ದ ಬೆಲೆಯನ್ನೇ ಹೇಳಿದೆ. ಅವರು ಆಗಲಿ ಎಂದರು. ಕೈ ನಡುಗುವುದರಿಂದ ಲೇತು ಬಿಟ್ಟಿದ್ದ ದಸ್ತಗೀರಣ್ಣ ಮರವನ್ನು ಮಾತ್ರ ತಾನೇ ಆರಿಸುತ್ತೇನೆಂದು ಹಠ ಹಿಡಿದು, ಮಗಳ ಸ್ಕೂಟರಿನ ಹಿಂದೆ ಕೂತು ಎರಡು ಕಡೆ ಹುಡುಕಿ, ಒಣಗಿದ ದಪ್ಪ ತುಂಡೊಂದನ್ನು ತಂದರು.

ನಿನ್ನೆ ನಾನೇ ಒಯ್ದು ಕೊಟ್ಟೆ. ಕೆಂಚೇಗೌಡರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಒಂದು ಹಿಡಿಗೆ ಸಿಕ್ಕದಷ್ಟು ದಪ್ಪ ಅಡುಗೆಯವನು.

“ನಾನು ಇಷ್ಟು ದಪ್ಪ ಇರ್ಲಿಲ್ಲ ಕಣ್ ತಾಯಿ,” ಎಂದು ನಕ್ಕರು. “ಸಾಬ್ರ ಮನೇಲಿ ಮರ ಮಿಕ್ಕಿತ್ತೇನೋ.”

“ಮಿಕ್ಕಿರಲಿಲ್ಲ ಗೌಡ್ರೇ,” ಎಂದೆ. “ದಸ್ತಗೀರಣ್ಣನೇ ಹುಡುಕಿ ತಂದರು.”

ಅವರ ನಗು ನಿಂತಿತು. ಬೊಂಬೆಯನ್ನು ಇನ್ನೊಂದು ಕೈಯಿಂದಲೂ ಹಿಡಿದುಕೊಂಡರು.